ಸದ್ದಿಲ್ಲದ ಬೀದಿ

ಎರಡು ಬದಿಗೂ ಎತ್ತರವಾದ ಮನೆಗಳು. ನಡುವೆ ದೂರ ಹೋದಂತೆಲ್ಲ ಕಿರಿದಾಗುತ್ತ ಸಾಗುವ ಬೀದಿ. ಬೀದಿಯ ಕೊನೆಯಲ್ಲಿ ಕಲ್ಲಿನ ಒಂದು ಮಹಾದ್ವಾರ. ಮೇಲೆ ಒಂದಿಷ್ಟು ಆಕಾಶ. ಚಿತ್ರದಲ್ಲಿರುವುದು ಇಷ್ಟೇ. ಮೆರವಣಿಗೆಯಿಲ್ಲ, ಜಾತ್ರೆಯಿಲ್ಲ, ಕುದುರೆಯ ಮೇಲೆ ಕುಳಿತ ವೀರನಿಲ್ಲ. ಕಿಟಕಿಗಳು ಸಾಲುಸಾಲಾಗಿ ನಿಂತಿವೆ. ಅವುಗಳ ಹಿಂದಿನ ಬಾಳು ಕಾಣಿಸುವುದಿಲ್ಲ. ಈ ಬೀದಿಯಲ್ಲಿ ಏನು ನಡೆಯುತ್ತಿದೆ ಎಂದು ಯಾರಾದರೂ ಕೇಳಿದರೆ ಏನೂ ಇಲ್ಲವೆಂದೇ ಹೇಳಬೇಕಾಗುತ್ತದೆ.

ಚಿತ್ರದ ಹೆಸರು ‘ಸೇಂಟ್ ಡೆನಿಸ್ ಬೀದಿ’. ಸ್ಥಳ ಪ್ಯಾರಿಸ್ ನಗರ, ಕಾಲ 1802. ಬರೆದವನು ಟಾಮಸ್ ಗರ್ಟಿನ್ ಎಂಬ ಆಂಗ್ಲ ಚಿತ್ರಕಾರ. ಆಗ ಅವನಿಗೆ ಇಪ್ಪತ್ತೇಳು ವರ್ಷ ವಯಸ್ಸು. ಬಳಸಿದ್ದು ಒಂದು ಹಾಳೆ ಕಾಗದ, ಸೀಸದ ಕಡ್ಡಿ, ನೀರು, ಕೆಲವು ಬಣ್ಣದ ಬಿಲ್ಲೆಗಳು. ಇಷ್ಟು ಅಲ್ಪವಾದ ಸಾಧನಗಳಿಂದ, ಇಷ್ಟು ಅಲ್ಪವಾದ ವಿಷಯವನ್ನು ಕುರಿತು ಬರೆದ ಚಿತ್ರವೊಂದು ಇನ್ನೂರು ವರ್ಷಗಳ ಮೇಲೂ ರಸಿಕರನ್ನು ತನ್ನ ಮುಂದೆ ನಿಲ್ಲಿಸುತ್ತದೆಯೆಂದರೆ ಅದರಲ್ಲಿರುವ ಮೌನ ಬರಿಯ ಮೌನವಾಗಿರಲಾರದು. ಆ ಮೌನ ಎಲ್ಲಿಂದ ಬಂದಿತು, ಎಷ್ಟು ದಿನ ಉಳಿಯಿತು, ಈಗ ಅದನ್ನು ಯಾರು ಹೇಗೆ ಕಾಯಬೇಕು ಎಂಬುದು ತಿಳಿಯಬೇಕಾದ ಕಥೆ.

ಮೊದಲು ಬೀದಿಯ ಮಾತು. ಸೇಂಟ್ ಡೆನಿಸ್ ಬೀದಿ ಪ್ಯಾರಿಸಿನ ಅತಿ ಪುರಾತನ ಹಾದಿಗಳಲ್ಲಿ ಒಂದು. ರೋಮನರ ಕಾಲದಿಂದಲೂ ನಗರವನ್ನು ಉತ್ತರ ದಿಕ್ಕಿಗೆ ಕೂಡಿಸುತ್ತಿದ್ದ ದಾರಿ ಅದು. ಆ ದಾರಿಯಲ್ಲಿ ಮುಂದೆ ಹೋದರೆ ಸೇಂಟ್ ಡೆನಿಸ್ ಎಂಬ ಊರು. ಅಲ್ಲಿಯ ಮಹಾ ದೇವಾಲಯ ಫ್ರಾನ್ಸಿನ ಅರಸರ ಸಮಾಧಿಸ್ಥಾನ. ಪಟ್ಟಾಭಿಷೇಕ ಮುಗಿಸಿಕೊಂಡ ಅರಸರು ಇದೇ ಬೀದಿಯಿಂದ ವಾದ್ಯವೈಭವಗಳೊಡನೆ ನಗರವನ್ನು ಪ್ರವೇಶಿಸುತ್ತಿದ್ದರು. ತೀರಿಹೋದ ಅರಸರ ಕಳೇಬರಗಳು ಇದೇ ಬೀದಿಯಿಂದ ಕೊನೆಯ ಪಯಣ ಹೊರಡುತ್ತಿದ್ದವು. ಹೀಗೆ ಬರುವಾಗ ಜಯಘೋಷವನ್ನೂ ಹೋಗುವಾಗ ಶೋಕಗೀತವನ್ನೂ ಕೇಳಿದ ಬೀದಿ ಇದು.

ಚಿತ್ರದಲ್ಲಿ ದೂರಕ್ಕೆ ಕಾಣುವ ಮಹಾದ್ವಾರ 1672ರಲ್ಲಿ ಕಟ್ಟಿದ್ದು. ರೈನ್ ನದಿಯ ತೀರದಲ್ಲಿ ತನ್ನ ಸೈನ್ಯ ಪಡೆದ ವಿಜಯಗಳ ನೆನಪಿಗಾಗಿ ಹದಿನಾಲ್ಕನೆಯ ಲೂಯಿ ಅದನ್ನು ನಿಲ್ಲಿಸಿದನು. ಅದರ ವಿನ್ಯಾಸ ಫ್ರಾನ್ಸ್ವಾ ಬ್ಲಾಂಡೆಲ್ ಎಂಬ ಶಿಲ್ಪಿಯದು. ಸುಮಾರು ಇಪ್ಪತ್ತೈದು ಮೀಟರ್ ಎತ್ತರದ ಆ ಕಮಾನಿನ ನೆತ್ತಿಯ ಮೇಲೆ ಲೂಯಿ ಮಹಾಶಯನ ಹೆಸರನ್ನು ಲ್ಯಾಟಿನ್ ಭಾಷೆಯಲ್ಲಿ ಕೆತ್ತಲಾಗಿದೆ. ಆದರೆ ಹೆಸರು ಕಲ್ಲಿನಲ್ಲಿ ಉಳಿದ ಮಾತ್ರಕ್ಕೆ ವಂಶ ಉಳಿಯಲಿಲ್ಲ. 1789ರಲ್ಲಿ ಕ್ರಾಂತಿಯಾಯಿತು. 1793ರ ಜನವರಿಯಲ್ಲಿ ಹದಿನಾರನೆಯ ಲೂಯಿಯ ಶಿರಚ್ಛೇದವಾಯಿತು. ಅದೇ ವರ್ಷ ಸೇಂಟ್ ಡೆನಿಸ್ ದೇವಾಲಯದ ಸಮಾಧಿಗಳನ್ನು ಅಗೆದು, ಹದಿನಾಲ್ಕನೆಯ ಲೂಯಿಯೂ ಸೇರಿದಂತೆ ಅರಸರ ಅಸ್ಥಿಗಳನ್ನು ಗುಂಡಿಗೆ ಎಸೆದರು. ಗರ್ಟಿನ್ ಆ ಬೀದಿಗೆ ಬರುವ ಹೊತ್ತಿಗೆ ಅರಸರ ಆ ಹಾದಿಯ ಈ ತುದಿಯಲ್ಲಿ ಬದುಕಿದ ಅರಸನಿರಲಿಲ್ಲ. ಆ ತುದಿಯಲ್ಲಿ ಮಲಗಿದ ಅರಸನೂ ಇರಲಿಲ್ಲ.

ಇನ್ನು ಚಿತ್ರಕಾರನ ಮಾತು. ಟಾಮಸ್ ಗರ್ಟಿನ್ ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ಸದರ್ಕ್ ಎಂಬ ಪೇಟೆಯಲ್ಲಿ. ತಂದೆ ಕುಂಚಗಳನ್ನು ತಯಾರಿಸುವ ಕಸುಬಿನವನು. ಮಗ ಮೊದಲು ಎಡ್ವರ್ಡ್ ಡೇಸ್ ಎಂಬ ಚಿತ್ರಕಾರನ ಬಳಿ ಶಿಷ್ಯವೃತ್ತಿ ಮಾಡಿದನು. ಅದೇ ವರ್ಷ ಹುಟ್ಟಿದ ಇನ್ನೊಬ್ಬ ಹುಡುಗ ಅವನಿಗೆ ಜತೆಯಾದನು. ಆ ಹುಡುಗನ ಹೆಸರು ಟರ್ನರ್. ಮುಂದೆ ಇಂಗ್ಲೆಂಡಿನ ಚಿತ್ರಕಾರರಲ್ಲೇ ಅಗ್ರಗಣ್ಯನೆನಿಸಿದವನು. ಡಾಕ್ಟರ್ ಮನ್ರೋ ಎಂಬ ಕಲಾಪ್ರೇಮಿ ವೈದ್ಯನ ಮನೆಯಲ್ಲಿ ಈ ಇಬ್ಬರೂ ಸಂಜೆಯ ಹೊತ್ತು ಕುಳಿತು ಹಿರಿಯರ ಚಿತ್ರಗಳನ್ನು ನಕಲು ಮಾಡುತ್ತಿದ್ದರು. ಗರ್ಟಿನ್ ರೇಖೆಗಳನ್ನು ಎಳೆಯುವನು; ಟರ್ನರ್ ಅದರ ಮೇಲೆ ಬಣ್ಣದ ನೀರನ್ನು ಹರಿಸುವನು. ಕೂಲಿ ಅಲ್ಪ, ರಾತ್ರಿಯ ಊಟ ಜತೆಗೆ. ಇಬ್ಬರು ಬಡ ಹುಡುಗರ ಆ ಸಂಜೆಗಳಿಂದ ಒಂದು ದೇಶದ ಚಿತ್ರಕಲೆಯ ದಿಕ್ಕೇ ಬದಲಾಯಿತು.

ಬದಲಾದದ್ದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಅದುವರೆಗೆ ಇಂಗ್ಲೆಂಡಿನಲ್ಲಿ ಜಲವರ್ಣವೆಂದರೆ ಬಣ್ಣ ಸವರಿದ ನಕ್ಷೆ ಎಂಬಷ್ಟೇ ಭಾವನೆ. ಮೊದಲು ರೇಖೆ, ಅದರ ಮೇಲೆ ಬೂದುಬಣ್ಣದಲ್ಲಿ ನೆರಳು, ಎಲ್ಲ ಮುಗಿದ ಮೇಲೆ ಅಲ್ಲಲ್ಲಿ ತೆಳುವಾದ ಬಣ್ಣದ ಲೇಪ. ಪುರಾತನ ಕಟ್ಟಡಗಳ ದಾಖಲೆಗೋ ಸೈನ್ಯದ ನಕ್ಷೆಗೋ ಇದು ಸಾಕಾಗಿತ್ತು. ಗರ್ಟಿನ್ ಮತ್ತು ಟರ್ನರ್ ಕೂಡಿ ಆ ಬೂದುಬಣ್ಣದ ಅಡಿಪಾಯವನ್ನೇ ತೆಗೆದುಹಾಕಿದರು. ಗೋಡೆಗೆ ಗೋಡೆಯ ಬಣ್ಣವನ್ನೇ, ನೆರಳಿಗೆ ನೆರಳಿನ ಬಣ್ಣವನ್ನೇ ನೇರವಾಗಿ ಕಾಗದಕ್ಕೆ ಇಳಿಸಿದರು. ತೈಲವರ್ಣದಲ್ಲಿ ಬೆಳಕು ಬೇಕಾದೆಡೆ ಬಿಳಿಯ ಬಣ್ಣ ಬಳಿಯಬಹುದು. ಪಾರದರ್ಶಕ ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ. ಬೆಳಕು ಬೇಕಾದ ಜಾಗವನ್ನು ಚಿತ್ರಕಾರ ಮುಟ್ಟದೆ ಬಿಡಬೇಕು. ಒಮ್ಮೆ ಕೈತಪ್ಪಿ ಬಣ್ಣ ಹರಿದರೆ ಹೋದ ಬೆಳಕು ಹಿಂದಿರುಗುವುದು ಕಷ್ಟ. ಏನನ್ನು ಬರೆಯಬೇಕೆಂಬುದಕ್ಕಿಂತ ಏನನ್ನು ಬರೆಯದೆ ಬಿಡಬೇಕೆಂಬ ವಿವೇಕವೇ ಇಲ್ಲಿ ದೊಡ್ಡದು. ನಯವಾದ ಬಿಳಿಯ ಹಾಳೆಗಿಂತ ಒರಟಾದ, ತುಸು ಕಂದುಛಾಯೆಯ ಕಾಗದದ ಮೇಲೆ ಗರ್ಟಿನ್‌ಗೆ ಒಲವು ಹೆಚ್ಚು. ಆ ಕಾಗದದ ಮಂದವಾದ ಬಿಸುಪು ಅವನ ಚಿತ್ರಗಳ ಬೆಳಕಿನಲ್ಲಿ ಬೆರೆತಿದೆ.

ಮೌನವನ್ನು ಬರೆಯಲು ಇಂಥ ಕಲೆ ಒದಗಿತ್ತು. ಆದರೆ ಕಾಲ ಮೌನದ ಕಾಲವಾಗಿರಲಿಲ್ಲ.

1793ರ ಫೆಬ್ರವರಿಯಿಂದ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ. ಅದರ ಜ್ವಾಲೆ ಯೂರೋಪಿನ ಎಲ್ಲೆ ಮೀರಿ ಕನ್ನಡನಾಡಿನ ಹೃದಯವನ್ನೂ ಮುಟ್ಟಿತು. ಫ್ರೆಂಚರ ಮೈತ್ರಿಯನ್ನು ಬಯಸಿದ ಟಿಪ್ಪು ಸುಲ್ತಾನ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದನು. ಅದೇ ಮೇ ತಿಂಗಳ 20ರಂದು, ಇನ್ನೂ ಆ ಸುದ್ದಿ ಸಮುದ್ರದ ಮೇಲೆಯೇ ಇರುವಾಗ, ಲಂಡನ್ನಿನಲ್ಲಿ ಕೆಲವರು ತರುಣ ಚಿತ್ರಕಾರರು ಒಂದು ಗೆಳೆಯರ ಕೂಟವನ್ನು ಕಟ್ಟಿಕೊಂಡರು. ಸಂಜೆ ಒಂದೆಡೆ ಕಲೆತು, ಕವಿತೆಯ ಒಂದು ಭಾಗವನ್ನು ಆರಿಸಿ, ಎಲ್ಲರೂ ಅದೇ ಭಾವಕ್ಕೆ ಚಿತ್ರ ಬರೆಯುವುದು ಅವರ ಪದ್ಧತಿ. ಗರ್ಟಿನ್ ಅವರಲ್ಲಿ ಪ್ರಮುಖ. ಅವರ ಪೈಕಿ ರಾಬರ್ಟ್ ಕರ್ ಪೋರ್ಟರ್ ಎಂಬವನೂ ಒಬ್ಬ.

ಈ ಪೋರ್ಟರ್ ಮರುವರ್ಷ, 1800ರಲ್ಲಿ, ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಬೃಹತ್ ಚಿತ್ರಪಟವಾಗಿ ಬರೆದು ಲಂಡನ್ನಿನ ಲೈಸಿಯಂ ಭವನದಲ್ಲಿ ಪ್ರದರ್ಶಿಸಿದನು. ಒಡೆದ ಕೋಟೆಗೋಡೆ, ಏರಿ ಬರುವ ಸೈನಿಕರು, ಬಿದ್ದ ವೀರರು. ಜನ ಹಣ ಕೊಟ್ಟು ಮುಗಿಬಿದ್ದು ನೋಡಿದರು. ಪೋರ್ಟರನು ಆಗ ಇನ್ನೂ ಇಪ್ಪತ್ತಮೂರರ ಹುಡುಗ. ಶ್ರೀರಂಗಪಟ್ಟಣವನ್ನು ಕಣ್ಣಿನಿಂದ ಕಂಡವನಲ್ಲ. ಟರ್ನರನೂ ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದನು. ಅವನೂ ಕಾವೇರಿಯನ್ನು ಕಂಡವನಲ್ಲ. ಲಂಡನ್ನಿನ ಜನಕ್ಕೆ ಆಗ ಬೇಕಾಗಿದ್ದುದು ಗೆಲುವಿನ ಗದ್ದಲ. ಆ ಗದ್ದಲದಲ್ಲಿ ಕನ್ನಡನಾಡಿನ ಊರೊಂದರ ಬೀದಿಗಳು, ಅಲ್ಲಿಯ ಮನೆಗಳು, ಮನೆಗಳೊಳಗಿನ ಜನ ಯಾರಿಗೂ ಕಾಣಿಸಲಿಲ್ಲ. ಪೋರ್ಟರನ ಆ ಮಹಾಪಟ ಮುಂದೆ ಬೆಂಕಿಗೆ ಆಹುತಿಯಾಯಿತು.

ಗರ್ಟಿನ್‌ಗೂ ಬೃಹತ್ತಾದುದನ್ನು ಬರೆಯುವ ಹಂಬಲ ಇರಲಿಲ್ಲವೆಂದಲ್ಲ. ಲಂಡನ್ ನಗರವನ್ನೇ ಸುತ್ತಲೂ ತೋರಿಸುವ 108 ಅಡಿ ಉದ್ದ, 18 ಅಡಿ ಎತ್ತರದ ಚಿತ್ರಪಟವನ್ನು ಅವನು ಸಿದ್ಧಪಡಿಸಿದನು. ಗ್ರೀಕ್ ಶಬ್ದಗಳನ್ನು ಬೆಸೆದು ಅದಕ್ಕೆ ‘ಐಡೋಮೆಟ್ರೊಪೊಲಿಸ್’ ಎಂದು ಹೆಸರಿಟ್ಟನು. 1802ರ ಆಗಸ್ಟಿನಿಂದ ಅದು ಲಂಡನ್ನಿನಲ್ಲಿ ಪ್ರದರ್ಶನಕ್ಕಿತ್ತು. ಆದರೆ ಅಲ್ಲಿಯೂ ಅವನ ವಿಷಯ ಯುದ್ಧವಲ್ಲ. ನದಿ, ಸೇತುವೆ, ಮನೆಯ ಮಾಡುಗಳು, ಹೊಗೆ, ಮೋಡ. ಆ ಪಟವೂ ಇಂದು ಉಳಿದಿಲ್ಲ. ಅದಕ್ಕಾಗಿ ಅವನು ಮಾಡಿಕೊಂಡ ಸಣ್ಣ ಸಣ್ಣ ಅಭ್ಯಾಸಚಿತ್ರಗಳು ಮಾತ್ರ ಬ್ರಿಟಿಷ್ ಮ್ಯೂಸಿಯಂನಲ್ಲಿ ಉಳಿದಿವೆ. ಬೃಹತ್ಪಟಗಳು ಅಳಿದು, ಕೈಯಗಲದ ಕಾಗದಗಳು ಉಳಿಯುವುದು ಕಲೆಯ ಇತಿಹಾಸದಲ್ಲಿ ಅಪರೂಪವಲ್ಲ.

1801ರ ಅಕ್ಟೋಬರ್ 1ರಂದು ಎರಡು ದೇಶಗಳೂ ಶಾಂತಿಯ ಪೂರ್ವಭಾವಿ ಒಪ್ಪಂದಕ್ಕೆ ಸಹಿ ಹಾಕಿದವು. ಎಂಟು ವರ್ಷಗಳಿಗೂ ಮೇಲ್ಪಟ್ಟು ಮುಚ್ಚಿದ್ದ ಬಾಗಿಲು ತೆರೆಯಿತು. ಶತ್ರುವಿನ ರಾಜಧಾನಿ ಹೇಗಿದೆಯೆಂದು ನೋಡಲು ಆಂಗ್ಲರು ಕಡಲುಗಾಲುವೆ ದಾಟತೊಡಗಿದರು. ನವೆಂಬರಿನಲ್ಲಿ ಗರ್ಟಿನ್ ಕೂಡ ಹೊರಟನು. ಅವನ ದೇಹಸ್ಥಿತಿ ಆಗಲೇ ಕೆಟ್ಟಿತ್ತು. ಉಸಿರಾಟದ ಬೇನೆ ಅವನನ್ನು ಹಿಡಿದಿತ್ತು. ಹಿಂದಿನ ವರ್ಷವಷ್ಟೇ ಮದುವೆಯಾಗಿದ್ದ ಮಡದಿ ತುಂಬು ಗರ್ಭಿಣಿ. ಅವಳನ್ನು ಲಂಡನ್ನಿನಲ್ಲಿ ಬಿಟ್ಟು ಬಂದಿದ್ದನು. ಅವನು ಪ್ಯಾರಿಸಿನಲ್ಲಿದ್ದಾಗಲೇ ಮಗ ಹುಟ್ಟಿದನು.

ಆ ಚಳಿಗಾಲವೆಲ್ಲ ಗರ್ಟಿನ್ ಪ್ಯಾರಿಸಿನ ಬೀದಿಗಳನ್ನೂ ಸೇನ್ ನದಿಯ ಸೇತುವೆಗಳನ್ನೂ ಬರೆದನು. ಬಾಡಿಗೆಯ ಸಾರೋಟಿನೊಳಗೆ ಕುಳಿತು, ಕಿಟಕಿಯಿಂದ ನೋಡುತ್ತ ಬರೆಯುತ್ತಿದ್ದನೆಂಬ ಮಾತೂ ನಡೆದುಬಂದಿದೆ. ನಿನ್ನೆಯವರೆಗೆ ಶತ್ರುವಾಗಿದ್ದ ದೇಶದವನು ನಡುಬೀದಿಯಲ್ಲಿ ನಿಂತು ನಕ್ಷೆ ತೆಗೆದರೆ ಗೂಢಚಾರನೆಂಬ ಅನುಮಾನ ಬರದಿದ್ದೀತೆ? 1802ರ ಮೇ ತಿಂಗಳಲ್ಲಿ ಅವನು ತಾಯ್ನಾಡಿಗೆ ಮರಳಿದನು. ತಂದ ಚಿತ್ರಗಳಲ್ಲಿ ಇಪ್ಪತ್ತನ್ನು ಆರಿಸಿ ತಾನೇ ತಾಮ್ರದ ತಗಡಿನ ಮೇಲೆ ಕೊರೆದನು. ಅವುಗಳಲ್ಲಿ ಸೇಂಟ್ ಡೆನಿಸ್ ಮಹಾದ್ವಾರವನ್ನು ಹೊರಪೇಟೆಯ ಕಡೆಯಿಂದ ನೋಡಿದ ನೋಟವೂ ಒಂದು. ಅದೇ ದ್ವಾರವನ್ನು ನಗರದ ಒಳಗಿನಿಂದ ನೋಡಿದ್ದು ಈ ಜಲವರ್ಣ.

ಆ ನೋಟದಲ್ಲಿ ಗಮನಿಸಬೇಕಾದದ್ದು ಒಂದಿದೆ. ಅಷ್ಟು ವರ್ಷ ತನ್ನ ದೇಶದೊಡನೆ ಕಾದಿದ ನಗರವನ್ನು ಅವನು ಬರೆಯುತ್ತಿದ್ದಾನೆ. ಮುಂದೆ ನಿಂತಿರುವುದು ವಿಜಯದ ಕಮಾನು. ಆದರೂ ಅವನ ಬೀದಿಯಲ್ಲಿ ದ್ವೇಷವಿಲ್ಲ, ಸೋಲು ಗೆಲುವುಗಳ ಲೆಕ್ಕವಿಲ್ಲ. ವಿಜಯದ ಕಮಾನು ಬೀದಿಯ ತುದಿಯಲ್ಲಿ ದೂರವಾಗಿ ನಿಂತಿದೆ. ಹತ್ತಿರವಾಗಿ ನಿಂತಿರುವುದು ಯಾರೋ ಹೆಸರಿಲ್ಲದವರ ಮನೆಗಳು. ಅರಸನ ಹೆಸರು ಕಾಣದಷ್ಟು ದೂರದಲ್ಲಿ, ಬಡಬಗ್ಗರ ಕಿಟಕಿಗಳು ಎಣಿಸುವಷ್ಟು ಹತ್ತಿರದಲ್ಲಿ. ಶ್ರೀರಂಗಪಟ್ಟಣವನ್ನು ಬರೆದ ಗೆಳೆಯನಿಗೆ ಕಾಣಿಸದೆ ಹೋದದ್ದು ಪ್ಯಾರಿಸನ್ನು ಬರೆದ ಗೆಳೆಯನಿಗೆ ಕಾಣಿಸಿತು.

ಇಷ್ಟನ್ನು ಹೇಳಿದ ಮೇಲೆ ಒಂದು ವಿಚಿತ್ರವನ್ನೂ ಹೇಳಬೇಕು. ಈ ಬೀದಿಯನ್ನು ಗರ್ಟಿನ್ ಬಣ್ಣದಲ್ಲಿ ಹೀಗೆ ನಿರ್ಜನವಾಗಿ ಬರೆದದ್ದು ಮೌನದ ಮೇಲಿನ ಪ್ರೀತಿಯಿಂದ ಮಾತ್ರವಲ್ಲ. ಇದು ನಾಟಕದ ಪರದೆಗಾಗಿ ಸಿದ್ಧವಾದ ಮಾದರಿ. ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ 1802ರ ಕ್ರಿಸ್ಮಸ್ ಕಾಲಕ್ಕೆ ಟಾಮಸ್ ಡಿಬ್ಡಿನ್ ರಚಿಸಿದ ಹಾರ್ಲೆಕ್ವಿನ್ ಮೂಕನಾಟಕವೊಂದಕ್ಕೆ ಪ್ಯಾರಿಸಿನ ಬೀದಿಯ ದೃಶ್ಯ ಬೇಕಾಗಿತ್ತು. ಪರದೆಯ ಮೇಲಿನ ಬೀದಿಯಲ್ಲಿ ಜನ ತುಂಬಿದ್ದರೆ ಅದರ ಮುಂದೆ ಕುಣಿಯುವ ನಟರಿಗೆ ಜಾಗವೆಲ್ಲಿ? ಆದ್ದರಿಂದ ಬೀದಿ ಬರಿದಾಗಿರಬೇಕಾಯಿತು. ನಮ್ಮ ವೃತ್ತಿನಾಟಕ ಕಂಪೆನಿಗಳ ರಾಜಬೀದಿಯ ಪರದೆಗಳನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾದೀತು. ಗುಬ್ಬಿ ಕಂಪೆನಿಯ ಪರದೆಯ ಮೇಲಿನ ಬೀದಿಯೂ ಪಾತ್ರಧಾರಿ ಬರುವವರೆಗೆ ಖಾಲಿಯಾಗಿಯೇ ಕಾದಿರುತ್ತಿತ್ತು.

ಹೀಗೆ ಹಾಸ್ಯದ ಅಬ್ಬರಕ್ಕೆಂದು ತೆರವು ಮಾಡಿಟ್ಟ ಬೀದಿ ಇದು. ಆ ಅಬ್ಬರ ಕೆಲವು ರಾತ್ರಿಗಳಲ್ಲಿ ಮುಗಿಯಿತು. ಪರದೆ ಹರಿಯಿತು, ನಟರು ಹೋದರು, ನಾಟಕವನ್ನು ಇಂದು ನೆನೆಯುವವರಿಲ್ಲ. ಕಾಗದದ ಮೇಲಿನ ಬೀದಿ ಮಾತ್ರ ತನ್ನ ಕಾದಿರುವ ಭಂಗಿಯಲ್ಲೇ ಉಳಿಯಿತು. ಯಾರಿಗಾಗಿಯೋ ಬಿಟ್ಟ ಜಾಗ ನೋಡುವವನ ಪಾಲಿಗೆ ಬಂದಿತು. ಈ ಚಿತ್ರದ ಮೌನದಲ್ಲಿ ಒಂದು ಬಗೆಯ ನಿರೀಕ್ಷೆ ಇರುವುದು ಬಹುಶಃ ಈ ಕಾರಣದಿಂದಲೇ. ಯಾರೋ ಈಗ ಮೂಲೆ ತಿರುಗಿ ಬರಬೇಕು ಎಂಬಂತೆ ಅದು ನಿಂತಿದೆ.

ಚಿತ್ರಕಾರ ಮಾತ್ರ ಆ ಪರದೆಯನ್ನು ರಂಗದ ಮೇಲೆ ನೋಡಲಿಲ್ಲ. 1802ರ ನವೆಂಬರ್ 9ರಂದು ಟಾಮಸ್ ಗರ್ಟಿನ್ ತೀರಿಕೊಂಡನು. ವಯಸ್ಸು ಇಪ್ಪತ್ತೇಳು. ಪ್ಯಾರಿಸಿನ ಇಪ್ಪತ್ತು ನೋಟಗಳನ್ನು ಮರುವರ್ಷ ಅವನ ಸಹೋದರ ಜಾನ್ ಪ್ರಕಟಿಸಿದನು. ಟರ್ನರ್ ಆಮೇಲೆ ಸುಮಾರು ಐವತ್ತು ವರ್ಷ ಬಾಳಿ 1851ರಲ್ಲಿ ಕೀರ್ತಿಶಿಖರದಲ್ಲಿದ್ದು ಕಣ್ಣುಮುಚ್ಚಿದನು. ಗರ್ಟಿನ್ ಬದುಕಿ ಉಳಿದಿದ್ದರೆ ತನ್ನ ಹೊಟ್ಟೆಪಾಡು ನಡೆಯುವುದೇ ಕಷ್ಟವಾಗುತ್ತಿತ್ತೆಂದು ಅವನು ಹೇಳುತ್ತಿದ್ದನಂತೆ. ಲಂಡನ್ನಿನಲ್ಲಿ ಜಲವರ್ಣ ಚಿತ್ರಕಾರರ ಸಂಘ ಸ್ಥಾಪನೆಯಾದದ್ದು 1804ರ ನವೆಂಬರಿನಲ್ಲಿ. ಆ ಕಲೆಗೆ ಗೌರವ ಸಂಪಾದಿಸಿಕೊಟ್ಟವನು ಆಗಲೇ ಎರಡು ವರ್ಷಗಳ ಹಿಂದೆ ಮಣ್ಣು ಸೇರಿದ್ದನು.

ಶಾಂತಿಯೂ ಅವನಂತೆಯೇ ಅಲ್ಪಾಯುಷಿ. 1802ರ ಮಾರ್ಚಿನಲ್ಲಿ ಆಮಿಯೆನ್ಸ್ ಎಂಬಲ್ಲಿ ಅಂತಿಮ ಒಪ್ಪಂದವಾಗಿತ್ತು. 1803ರ ಮೇ ತಿಂಗಳಲ್ಲಿ ಮತ್ತೆ ಯುದ್ಧ ಘೋಷಣೆಯಾಯಿತು. ಫ್ರಾನ್ಸಿನಲ್ಲಿದ್ದ ಆಂಗ್ಲ ಗಂಡಸರನ್ನು ಸೆರೆಹಿಡಿಯಲು ನೆಪೋಲಿಯನ್ ಆಜ್ಞೆ ಮಾಡಿದನು. ಒಂದು ವರ್ಷ ತಡವಾಗಿ ಹೊರಟಿದ್ದರೆ ಗರ್ಟಿನ್ ಚಿತ್ರ ಬರೆಯುವ ಬದಲು ಸೆರೆಮನೆಯಲ್ಲಿ ಕೂರಬೇಕಾಗುತ್ತಿತ್ತು. ಆಮೇಲಿನ ಹನ್ನೆರಡು ವರ್ಷ ಯೂರೋಪಿನಲ್ಲಿ ರಕ್ತದ ಹೊಳೆ ಹರಿಯಿತು. ಸೇಂಟ್ ಡೆನಿಸ್ ಬೀದಿಗೂ ನೆಮ್ಮದಿಯಿರಲಿಲ್ಲ. 1827ರಲ್ಲಿ ಜನ ಆ ಬೀದಿಯಲ್ಲಿ ಕಲ್ಲುಮಣ್ಣುಗಳ ಅಡ್ಡಗೋಡೆ ಹಾಕಿ ಸರ್ಕಾರದ ಸೈನಿಕರನ್ನು ಎದುರಿಸಿದರು, ಗುಂಡುಗಳು ಹಾರಿದವು. 1848ರ ಜೂನ್ ತಿಂಗಳ ದಂಗೆಯಲ್ಲಿ ಆ ಮಹಾದ್ವಾರದ ಬುಡದಲ್ಲೇ ಹೋರಾಟ ನಡೆಯಿತು. ಎರಡು ಯುದ್ಧಗಳ ನಡುವೆ, ಎರಡು ಕ್ರಾಂತಿಗಳ ನಡುವೆ ದೊರೆತ ಒಂದು ಬಿಡುವು. ಚಿತ್ರದಲ್ಲಿರುವ ಮೌನವೆಂದರೆ ಅದು. ಆ ಬಿಡುವಿನಲ್ಲಿ ಸಾಯುತ್ತಿರುವ ತರುಣನೊಬ್ಬ ಬಣ್ಣದ ಬಿಲ್ಲೆಗಳನ್ನು ತೆಗೆದುಕೊಂಡು ಹೋಗಿ ಬಂದದ್ದರಿಂದ ಅದು ಉಳಿಯಿತು.

ಉಳಿಯಿತು ಎಂದರೂ ಎಷ್ಟು ಕಾಲ? ಕಥೆಯ ಕೊನೆಯ ಭಾಗ ಇದು.

ಜಲವರ್ಣಕ್ಕೆ ಬೆಳಕೇ ಜೀವ, ಬೆಳಕೇ ಮೃತ್ಯು. ತೈಲವರ್ಣದಲ್ಲಿ ಬಣ್ಣದ ಕಣಗಳು ಎಣ್ಣೆಯ ದಪ್ಪ ಪದರದಲ್ಲಿ ಹುದುಗಿರುತ್ತವೆ. ಜಲವರ್ಣದಲ್ಲಿ ಗೋಂದಿನ ತೆಳುವಾದ ಅಂಟಿನಿಂದ ಅವು ಕಾಗದಕ್ಕೆ ಹತ್ತಿಕೊಂಡಿರುತ್ತವೆ. ಬೆಳಕು, ಗಾಳಿ, ತೇವ ಎಲ್ಲಕ್ಕೂ ತೆರೆದಿರುತ್ತವೆ. ಮಣ್ಣಿನಿಂದ ಬಂದ ಕಾವಿ ಮುಂತಾದ ಬಣ್ಣಗಳು ಗಟ್ಟಿ. ಗಿಡದಿಂದ, ಕೀಟದಿಂದ ಬಂದವು ಬಹುಬೇಗ ಮಾಸುತ್ತವೆ. ಗರ್ಟಿನ್ ಮೋಡಗಳಿಗೂ ನೆರಳುಗಳಿಗೂ ಬಳಸುತ್ತಿದ್ದ ಬಣ್ಣಗಳಲ್ಲಿ ಗಿಡದ ನೀಲಿ ಮುಖ್ಯವಾದುದು. ಆ ಕಾಲಕ್ಕೆ ಲಂಡನ್ನಿನ ಪೇಟೆಗೆ ನೀಲಿ ಹೆಚ್ಚಾಗಿ ಹೋಗುತ್ತಿದ್ದುದು ಬಂಗಾಳದಿಂದ. ಅಲ್ಲಿಯ ರೈತರು ಬತ್ತದ ಗದ್ದೆಗಳಲ್ಲಿ ಬಲವಂತಕ್ಕೆ ನೀಲಿ ಬೆಳೆದು, ಕೊನೆಗೆ 1859ರಲ್ಲಿ ಬೆಳೆಯೆವೆಂದು ತಿರುಗಿಬಿದ್ದದ್ದು ಭಾರತದ ಇತಿಹಾಸದಲ್ಲಿ ಪ್ರಸಿದ್ಧ ಘಟನೆ. ಆ ನೀಲಿ ಬಿಸಿಲಿಗೆ ನಿಲ್ಲುವುದಿಲ್ಲ. ನೀಲಿ ಮತ್ತು ಕೆಂಪುಮಣ್ಣನ್ನು ಬೆರೆಸಿ ಬರೆದ ಬೂದುಮೋಡಗಳಲ್ಲಿ ನೀಲಿ ಹಾರಿಹೋಗಿ ಕೆಂಪು ಮಾತ್ರ ಉಳಿದುದರಿಂದ, ಗರ್ಟಿನ್ ಬರೆದ ಅನೇಕ ಆಕಾಶಗಳು ಇಂದು ಕೆಂಪಡರಿ ಕಾಣುತ್ತವೆ. ಮಳೆಮೋಡವಾಗಿ ಹುಟ್ಟಿದ್ದು ಸಂಜೆಗೆಂಪಾಗಿ ಮುದಿಯಾಗಿದೆ.

ಇದನ್ನು ಜನ ಮನಗಾಣಲು ಬಹುಕಾಲ ಹಿಡಿಯಿತು. ಟರ್ನರ್ ರಾಷ್ಟ್ರಕ್ಕೆ ಬಿಟ್ಟುಹೋದ ಸಾವಿರಾರು ಕಾಗದಚಿತ್ರಗಳನ್ನು 1857ರ ಸುಮಾರಿಗೆ ವಿಂಗಡಿಸಿದ ಜಾನ್ ರಸ್ಕಿನ್, ಅವುಗಳನ್ನು ಬೆಳಕು ತಾಗದ ಪೆಟ್ಟಿಗೆಗಳಲ್ಲಿ ಇಡಬೇಕೆಂದು ಏರ್ಪಾಟು ಮಾಡಿದನು. 1886ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಈ ವಿಷಯವಾಗಿ ದೊಡ್ಡ ವಾಗ್ವಾದವೇ ನಡೆಯಿತು. ಕೊನೆಗೆ ಸರ್ಕಾರದ ಕೋರಿಕೆಯಂತೆ ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ವಿಜ್ಞಾನಿಗಳು ಪರೀಕ್ಷೆಗೆ ತೊಡಗಿದರು. ಬಣ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ಕೊಳವೆಗಳಲ್ಲಿಟ್ಟು ಬಿಸಿಲಿಗೆ ಒಡ್ಡಿದರು. ಕೆಲವು ಕೊಳವೆಗಳಲ್ಲಿ ಗಾಳಿ, ಕೆಲವದರಲ್ಲಿ ತೇವ, ಕೆಲವದರಲ್ಲಿ ಏನೂ ಇಲ್ಲ. 1888ರಲ್ಲಿ ವರದಿ ಬಂದಿತು. ಗಾಳಿಯೂ ತೇವವೂ ಕೂಡಿದೆಡೆ ಬೆಳಕು ಅನೇಕ ಬಣ್ಣಗಳನ್ನು ಕೊಲ್ಲುತ್ತದೆ. ನಿರ್ವಾತದಲ್ಲಿ ಬಹುತೇಕ ಬಣ್ಣಗಳು ಹಾಗೆಯೇ ನಿಲ್ಲುತ್ತವೆ ಎಂಬುದು ಅದರ ಸಾರ. ಕಳೆದ ಬಣ್ಣವನ್ನು ಮರಳಿ ತರುವ ಉಪಾಯ ಅಂದೂ ಇರಲಿಲ್ಲ, ಇಂದೂ ಇಲ್ಲ.

ಆದ್ದರಿಂದಲೇ ಇಂದಿನ ವಸ್ತುಸಂಗ್ರಹಾಲಯಗಳು ಜಲವರ್ಣಗಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ. ನಡುಹಗಲ ಬಿಸಿಲಿನ ಪ್ರಮಾಣ ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತದೆಂದರೆ ಈ ಮಬ್ಬು ಎಷ್ಟೆಂಬುದು ತಿಳಿದೀತು. ಕೆಲವು ವಾರ ತೋರಿಸಿದ ಚಿತ್ರವನ್ನು ಮತ್ತೆ ವರ್ಷಗಟ್ಟಲೆ ಕತ್ತಲೆಯಲ್ಲಿ ವಿಶ್ರಾಂತಿಗೆ ಬಿಡುತ್ತಾರೆ. ಹೆನ್ರಿ ವಾನ್ ಎಂಬ ಸಂಗ್ರಾಹಕನು ಟರ್ನರನ 38 ಜಲವರ್ಣಗಳನ್ನು 1900ರಲ್ಲಿ ಎಡಿನ್‌ಬರೊ ನಗರದ ರಾಷ್ಟ್ರೀಯ ಚಿತ್ರಶಾಲೆಗೆ ಸೇರುವಂತೆ ಉಯಿಲು ಬರೆದಿದ್ದನು. ಷರತ್ತು ಒಂದೇ: ಬಿಸಿಲು ಅತ್ಯಂತ ಕ್ಷೀಣವಾಗಿರುವ ಜನವರಿ ತಿಂಗಳಲ್ಲಿ ಮಾತ್ರ, ಉಚಿತವಾಗಿ, ಎಲ್ಲವನ್ನೂ ಒಟ್ಟಿಗೆ ತೋರಿಸಬೇಕು. ಜನವರಿಯ ಆ ದರ್ಶನ ಒಂದು ಶತಮಾನ ದಾಟಿ ನಡೆದುಬಂದಿದೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯನ್ನು ಬಲ್ಲ ಕನ್ನಡಿಗರಿಗೆ ಆ ಸರತಿಯ ಸಾಲಿನಲ್ಲಿ ನಿಂತವರ ಮನಸ್ಸು ಅಪರಿಚಿತವೆನಿಸಲಾರದು.

ಸೇಂಟ್ ಡೆನಿಸ್ ಬೀದಿ ಇಂದಿಗೂ ಇದೆ. 1858ರಲ್ಲಿ ಅದರ ಪಕ್ಕದಲ್ಲೇ ಸೆಬಾಸ್ಟೊಪೋಲ್ ಹೆದ್ದಾರಿ ತೆರೆದು ನಗರದ ಗಾಡಿಗಳೆಲ್ಲ ಅತ್ತ ಹರಿದುದರಿಂದ ಹಳೆಯ ಬೀದಿ ಅಗಲವಾಗದೆ ಉಳಿದುಕೊಂಡಿತು. ಮಹಾದ್ವಾರವೂ ಇದೆ, ಅದರ ಸುತ್ತ ಹಗಲಿರುಳು ವಾಹನಗಳ ಮತ್ತು ಜನರ ಸಂದಣಿ. ಕಲ್ಲು ತನ್ನನ್ನು ತಾನು ಕಾದುಕೊಂಡಿತು. ಆದರೆ ಒಂದು ಚಳಿಗಾಲ ಆ ಕಲ್ಲಿನ ಮೇಲೆ ಬಿದ್ದಿದ್ದ ಶಾಂತಿಯ ಬೆಳಕು ಪ್ಯಾರಿಸಿನಲ್ಲಿ ಇಲ್ಲ. ಅದು ಒಂದು ಹಾಳೆ ಕಾಗದದ ಮೇಲಿದೆ. ನೋಡಿದಷ್ಟೂ ಸವೆಯುವ ಸಂಪತ್ತು ಅದು. ಅದನ್ನು ಮುಚ್ಚಿಡುವವನನ್ನು ಜಿಪುಣನೆನ್ನಬಾರದು. ಮುಂದೆ ಹುಟ್ಟುವವರ ಕಣ್ಣಿಗಾಗಿ ಅವನು ಅದನ್ನು ಕಾಯುತ್ತಿದ್ದಾನೆ.

ಗರ್ಟಿನ್ ಬರೆದ ಚಿತ್ರಗಳು ಎಲ್ಲರ ಮನೆಯಲ್ಲಿರುವುದಿಲ್ಲ. ಆದರೆ ಅಜ್ಜನ ಕಾಲದ ಒಂದು ಜಲವರ್ಣವೋ, ಕೈಯಿಂದ ಬಣ್ಣ ಹಚ್ಚಿದ ಹಳೆಯ ಭಾವಚಿತ್ರವೋ, ಊರಿನ ತೇರುಬೀದಿಯನ್ನು ಯಾರೋ ಬರೆದ ನೋಟವೋ ಎಷ್ಟೋ ಮನೆಗಳ ಗೋಡೆಯ ಮೇಲೆ ಕಿಟಕಿಗೆ ಎದುರಾಗಿ ತೂಗುತ್ತಿರುತ್ತದೆ. ಅದನ್ನು ಇಂದೇ ಇಳಿಸಿ, ಬಿಸಿಲು ಬೀಳದ, ತೇವವಿಲ್ಲದ ಒಳಗೋಡೆಗೆ ತೂಗುಹಾಕುವುದು ಒಳ್ಳೆಯದು. ಆ ತೇರುಬೀದಿ ಈಗ ಹೇಗಿದೆಯೋ. ಅದು ಸದ್ದಿಲ್ಲದೆ ನಿಂತಿದ್ದ ಹೊತ್ತಿಗೆ ಆ ಚಿತ್ರವೊಂದೇ ಸಾಕ್ಷಿಯಾಗಿದ್ದರೂ ಇರಬಹುದು.